ಮತ್ತೆ ಮೊದಲ ಸೋಪಾನದಲ್ಲಿ

ನರ್ಸ್ ಅಂದರೆ ಎಲ್ಲರೂ ಒಂದೇ ಎಂದು ನಾವು ತಿಳಿದಿರುತ್ತೇವೆ. ಕೈಯಲ್ಲಿ ಸೂಜಿ, ಬಾಯಲ್ಲಿ ‘ಏನೂ ಆಗಲ್ಲ, ಆ ಕಡೆ ನೋಡು’ ಅನ್ನುವ ಮಾತು. ಆದರೆ ಮಕ್ಕಳೇ, ನಿಮ್ಮ ಶಾಲೆಯಲ್ಲಿ ಗಣಿತಕ್ಕೊಬ್ಬರು, ಕನ್ನಡಕ್ಕೊಬ್ಬರು, ಆಟಕ್ಕೊಬ್ಬರು ಮೇಷ್ಟ್ರು ಇರುವ ಹಾಗೆ ನರ್ಸ್‌ಗಳಲ್ಲೂ ವಿಭಾಗಗಳಿವೆ. ನವಜಾತ ಶಿಶು, ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ತುರ್ತು ಚಿಕಿತ್ಸೆ, ತೀವ್ರ ನಿಗಾ, ಹೀಗೆ. ಭಾರತೀಯ ಶುಶ್ರೂಷಾ ಪರಿಷತ್ತು ಇಂಥ ಹಲವು ವಿಭಾಗಗಳಿಗೆ ಒಂದು ವರ್ಷದ ಪ್ರತ್ಯೇಕ ಡಿಪ್ಲೊಮಾವನ್ನೇ ಇಟ್ಟಿದೆ.

ಒಂದು ವಿಭಾಗ ಬಿಟ್ಟು ಇನ್ನೊಂದಕ್ಕೆ ಹೋದರೆ ಏನಾಗುತ್ತದೆ? ನಮ್ಮ ಕೊಂಡಜ್ಜಿಯ ಮನೆಯಲ್ಲೇ ಇದು ನಡೆಯಿತು. ಅಣ್ಣನ ಮೊಮ್ಮಗಳು ನರ್ಸ್. ಬರೆಯಲು ಒಪ್ಪಿದ್ದಾಳೆ, ಹೆಸರು ಮಾತ್ರ ಬೇಡ ಅಂದಿದ್ದಾಳೆ. ದೂರದ ಊರಿನ ಒಂದು ಆಸ್ಪತ್ರೆಯಲ್ಲಿ ಐದು ವರ್ಷ ನವಜಾತ ಶಿಶುಗಳ ವಿಭಾಗದಲ್ಲಿದ್ದಳು. ತಿಂಗಳು ತುಂಬುವ ಮೊದಲೇ ಹುಟ್ಟಿದ, ಅಂಗೈಯಲ್ಲಿ ಹಿಡಿಸುವಂಥ ಕೂಸುಗಳನ್ನು ನೋಡಿಕೊಳ್ಳುವ ಕೆಲಸ. ಆಮೇಲೆ ದೊಡ್ಡವರ ತೀವ್ರ ನಿಗಾ ಘಟಕಕ್ಕೆ ಹೋದಳು. ಅಲ್ಲಿ ಭತ್ಯೆ ಸ್ವಲ್ಪ ಹೆಚ್ಚು, ತಮ್ಮನ ಕಾಲೇಜು ಫೀಸಿನ ಚಿಂತೆ ಬೇರೆ. ‘ಅದು ದೊಡ್ಡ ಕೆಲಸ’ ಎಂದು ಹೇಳುವವರಿಗೂ ಕೊರತೆಯಿರಲಿಲ್ಲ. ಮೂರೇ ವಾರಕ್ಕೆ ಫೋನಿನಲ್ಲಿ ಅತ್ತಳು: ‘ಯಾಕಾದ್ರೂ ಬಂದೆನೋ ತಾತ, ನನಗೇನೂ ಬರಲ್ಲ ಅನ್ನಿಸ್ತಿದೆ.’

ಒಂದೇ ಅಂಕಿ, ಎರಡು ಅರ್ಥ

ಐದು ವರ್ಷದ ಅನುಭವಸ್ಥೆಗೆ ಏನೂ ಬರದಂತಾಗುವುದು ಹೇಗೆ? ಅವಳೇ ಕೊಟ್ಟ ಲೆಕ್ಕ ಕೇಳಿ. ಹಸುಗೂಸಿನ ಹೃದಯ ನಿಮಿಷಕ್ಕೆ ಸುಮಾರು 120ರಿಂದ 160 ಸಲ ಬಡಿಯುತ್ತದೆ. ವಿಶ್ರಾಂತಿಯಲ್ಲಿರುವ ದೊಡ್ಡವರದು 60ರಿಂದ 100. ಆಗತಾನೆ ಹುಟ್ಟಿದ ಕೂಸಿನ ಬಡಿತ 80ಕ್ಕೆ ಇಳಿದರೆ ಓಡಿಹೋಗಿ ಉಸಿರಿಗೆ ನೆರವು ಕೊಡಬೇಕು. ದೊಡ್ಡವರಲ್ಲಿ ಅದೇ 80 ನೆಮ್ಮದಿಯ ಸಂಖ್ಯೆ. ಪರದೆಯ ಮೇಲೆ 80 ಕಂಡಾಗಲೆಲ್ಲ ಅವಳ ಎದೆ ಧಸಕ್ಕೆನ್ನುತ್ತಿತ್ತಂತೆ. 140 ಕಂಡರೆ ಮನಸ್ಸು ಹಳೇ ಅಭ್ಯಾಸದಲ್ಲಿ ‘ಸರಿಯಿದೆ’ ಅನ್ನುತ್ತಿತ್ತು, ಅಲ್ಲಿ ಅದು ಸರಿಯಿರುತ್ತಿರಲಿಲ್ಲ.

ಡ್ರಿಪ್ಪಿನಲ್ಲೂ ಹಾಗೆಯೇ. ಮಕ್ಕಳಿಗೆ ಹಾಕುವ ಸಣ್ಣ ಹನಿಯ ಕೊಳವೆಯಲ್ಲಿ 60 ಹನಿ ಸೇರಿದರೆ ಒಂದು ಮಿಲಿಲೀಟರು. ದೊಡ್ಡವರ ಕೊಳವೆಯಲ್ಲಿ ಸಾಮಾನ್ಯವಾಗಿ 20 ಹನಿ ಸಾಕು. ಒಂದೂವರೆ ಕಿಲೋ ತೂಕದ ಕೂಸಿನ ಮೈಯಲ್ಲಿರುವ ಒಟ್ಟು ರಕ್ತ ಒಂದು ಸಣ್ಣ ಲೋಟದಷ್ಟು, ಸುಮಾರು 130 ಮಿಲಿಲೀಟರು. ದೊಡ್ಡವರಲ್ಲಿ ಸುಮಾರು ಐದು ಲೀಟರು. ಒಂದೊಂದು ಹನಿಗೂ ಲೆಕ್ಕ ಇಡುತ್ತಿದ್ದ ಕೈಗಳು ಈಗ ಎಂಬತ್ತು ಕಿಲೋ ತೂಕದ, ಎಚ್ಚರವಿಲ್ಲದ ಮನುಷ್ಯನನ್ನು ಮಗ್ಗುಲಾಗಿಸಬೇಕು.

ಇದಕ್ಕೊಂದು ಹೆಸರಿದೆ

ಇದು ಅವಳೊಬ್ಬಳ ಪಾಡಲ್ಲ. ಅಮೆರಿಕದ ಶುಶ್ರೂಷಾ ವಿದ್ವಾಂಸೆ ಪ್ಯಾಟ್ರಿಷಿಯಾ ಬೆನ್ನರ್ 1984ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನರ್ಸ್ ಐದು ಮೆಟ್ಟಿಲು ಹತ್ತುತ್ತಾಳೆ ಎಂದು ವಿವರಿಸಿದರು: ಹೊಸಬಳು, ಸ್ವಲ್ಪ ಪಳಗಿದವಳು, ಸಮರ್ಥಳು, ನಿಪುಣಳು, ಪರಿಣತಳು. ಪೈಲಟ್‌ಗಳು ಮತ್ತು ಚದುರಂಗದ ಆಟಗಾರರು ಹೇಗೆ ಕಲಿಯುತ್ತಾರೆ ಎಂದು ಡ್ರೇಫಸ್ ಸಹೋದರರು ಅಧ್ಯಯನ ಮಾಡಿದ್ದರು. ಬೆನ್ನರ್ ಅದನ್ನು ಆಸ್ಪತ್ರೆಗೆ ತಂದರು. ಅವರು ಹೇಳಿದ ಮುಖ್ಯ ಮಾತು ಇದು: ಎಷ್ಟೇ ಅನುಭವವಿದ್ದರೂ, ಗುರುತಿಲ್ಲದ ಬಗೆಯ ರೋಗಿಗಳ ನಡುವೆ ಹೋದ ನರ್ಸ್ ಮತ್ತೆ ಹೊಸಬಳೇ ಆಗಬಹುದು. ಒಂದೇ ಬಗೆಯ ಕೆಲಸದಲ್ಲಿ ಸಮರ್ಥಳಾಗಲು ಎರಡು ಮೂರು ವರ್ಷ ಬೇಕು.

ನಮ್ಮೂರಿನ ಕೆರೆ, ಗುಡ್ಡದ ಪಕ್ಕದ ಸ್ಕೌಟ್ಸ್ ಶಿಬಿರಕ್ಕೆ ಬಂದ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ. ರಾಜ್ಯ ಪುರಸ್ಕಾರ ಪಡೆದ ಹುಡುಗನನ್ನು ಮತ್ತೆ ಪ್ರವೇಶದ ಸಾಲಿನಲ್ಲಿ ನಿಲ್ಲಿಸಿ, ಗಂಟು ಹಾಕುವುದನ್ನು ಮೊದಲಿನಿಂದ ಕಲಿ ಅಂದರೆ ಅವನಿಗೆ ಹೇಗನ್ನಿಸೀತು? ಇವಳಿಗೂ ಹಾಗೇ ಅನ್ನಿಸಿತ್ತು.

ಎರಡು ಕಾಲಂ

ಹಾಗಾದರೆ ಬಿಟ್ಟು ಬರಬೇಕೇ, ಇರಬೇಕೇ? ಮನೆಯಲ್ಲಿ ಎರಡು ಪಕ್ಷವಾಯಿತು. ಅವಳಪ್ಪ, ‘ವಾಪಸ್ ಹೋದರೆ ಜನ ಏನಂತಾರೆ’ ಅಂದ. ಅವಳಮ್ಮ, ‘ಅತ್ತುಕೊಂಡು ಮಾಡೋ ಕೆಲಸ ಯಾವ ಭಾಗ್ಯಕ್ಕೆ’ ಅಂದಳು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ತಾಳೆಯಾಗದ ಲೆಕ್ಕವನ್ನು ಯೋಚನೆಯಲ್ಲಿ ಬಿಡಿಸಲಾಗದು, ಬರೆದೇ ಬಿಡಿಸಬೇಕು. ಒಂದು ನೋಟ್‌ಬುಕ್ ತಗೊಂಡು ಎರಡು ಕಾಲಂ ಎಳಿ ಅಂದೆ. ಬೇಸರಪಟ್ಟದ್ದನ್ನೆಲ್ಲ ದಿನಾ ಬರೆಯುವುದು. ಗೊತ್ತಿಲ್ಲದ್ದರಿಂದ ಆದ ಬೇಸರ ಎಡಕ್ಕೆ, ಗೊತ್ತಿದ್ದೂ ಆದ ಬೇಸರ ಬಲಕ್ಕೆ.

ಮೊದಲ ತಿಂಗಳು ಎಡಗಡೆ ತುಂಬಿ ತುಳುಕಿತು. ವೆಂಟಿಲೇಟರಿನ ಯಾವ ಸದ್ದಿಗೆ ಏನರ್ಥ, ಯಾವ ಔಷಧಿ ಎಷ್ಟು ವೇಗದಲ್ಲಿ, ಇಂಥವೇ. ನಾಲ್ಕನೇ ತಿಂಗಳಿಗೆ ಅರ್ಧವಾಯಿತು. ಒಂಬತ್ತನೇ ತಿಂಗಳಿಗೆ ವಾರಕ್ಕೆ ಎರಡೋ ಮೂರೋ ಸಾಲು. ಆದರೆ ಬಲಗಡೆ ಮಾತ್ರ ಕರಗಲಿಲ್ಲ. ಅಲ್ಲಿದ್ದ ಸಾಲುಗಳು ಬಹುತೇಕ ಒಂದೇ ತೆರನಾದವು: ‘ಇವತ್ತು ಯಾರಿಗೂ ಏನೂ ಹೇಳಿಕೊಡಲಿಲ್ಲ.’ ‘ರೋಗಿಯ ಗಂಟಲಲ್ಲಿ ಕೊಳವೆ, ಮಾತಿಲ್ಲ.’

ಕೂಸುಗಳ ವಿಭಾಗದಲ್ಲಿ ಅವಳ ಅರ್ಧ ಕೆಲಸ ಅಮ್ಮಂದಿರ ಜೊತೆ. ಹೆದರಿ ದೂರ ನಿಂತ ಬಾಣಂತಿಯ ಎದೆಗೆ ಕೂಸನ್ನು ಚರ್ಮಕ್ಕೆ ಚರ್ಮ ತಾಗುವಂತೆ ಒರಗಿಸಿ, ‘ಹೀಗೆ ಹಿಡ್ಕೊಳ್ಳಮ್ಮ’ ಎಂದು ಕಲಿಸುವುದು. ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1970ರ ದಶಕದ ಕೊನೆಗೆ ಶುರುವಾದ ಪದ್ಧತಿ. ಅಮ್ಮನ ಮೈ ಬಿಸಿಯೇ ಕೂಸಿಗೆ ಔಷಧಿ. ಮೊಮ್ಮಗಳು ಕಳೆದುಕೊಂಡದ್ದು ಈ ಕಲಿಸುವ ಸುಖವನ್ನು. ಅದು ಬಲಗಡೆಯ ಕಾಲಂ ನೋಡಿದಾಗಲೇ ಅವಳಿಗೂ ತಿಳಿದದ್ದು.

ತೀವ್ರ ನಿಗಾದ ಕೆಲಸ ಕೀಳೆಂದು ಯಾರೂ ತಿಳಿಯಬಾರದು. ಅವಳ ಜೊತೆಗೇ ಸೇರಿದ ಗೆಳತಿಗೆ ಅಲ್ಲಿನ ಕೆಲಸವೇ ಇಷ್ಟ. ಅಷ್ಟು ಯಂತ್ರಗಳ ನಡುವೆ ಒಂದು ಜೀವವನ್ನು ಹಿಡಿದು ನಿಲ್ಲಿಸುವುದರಲ್ಲಿ ಆ ಹುಡುಗಿಗೆ ಬೇರೆಲ್ಲೂ ಸಿಗದ ತೃಪ್ತಿಯಿದೆ. ಇಬ್ಬರ ನೋಟ್‌ಬುಕ್ ಬೇರೆ, ಅಷ್ಟೇ.

ಹನ್ನೊಂದನೇ ತಿಂಗಳು ಅವಳು ಹಳೇ ವಿಭಾಗಕ್ಕೆ ಅರ್ಜಿ ಕೊಟ್ಟಳು. ಜಾಗ ಖಾಲಿಯಾಗಲು ಐದು ತಿಂಗಳು ಕಾಯಬೇಕಾಯಿತು. ಹೆಚ್ಚಿನ ಭತ್ಯೆ ಹೋಯಿತು, ತಮ್ಮನ ಫೀಸಿಗೆ ಅವಳಪ್ಪ ಒಂದು ಎಮ್ಮೆ ಮಾರಿದ. ಹಿಂದೆ ಅವಳ ಕೈಕೆಳಗೆ ಕಲಿತ ಹುಡುಗಿ ಈಗ ಡ್ಯೂಟಿ ಪಟ್ಟಿ ಬರೆಯುತ್ತಾಳೆ. ಇವೆಲ್ಲ ನಿಜವಾದ ನಷ್ಟಗಳೇ. ಲಾಭದ ಕಡೆಗೆ ಬರೆಯುವುದಾದರೆ, ವೆಂಟಿಲೇಟರ್ ಎಂದರೆ ಅವಳಿಗೀಗ ಭಯವಿಲ್ಲ. ಕೂಸುಗಳಿಗೂ ಆ ಯಂತ್ರ ಬೇಕಾಗುತ್ತದೆ.

ಅಜ್ಜ ಅಜ್ಜಿಯರಿಗೆ ನನ್ನದೊಂದು ಮಾತು. ಮಕ್ಕಳು ಮೊಮ್ಮಕ್ಕಳು ಹೊಸ ಕೆಲಸದಲ್ಲಿ ಒದ್ದಾಡುವಾಗ ‘ಬಿಟ್ಟು ಬಾ’ ಎಂದೂ ಅನ್ನಬೇಡಿ, ‘ಸಹಿಸಿಕೋ’ ಎಂದೂ ಅನ್ನಬೇಡಿ. ಎಡಗಡೆಯದೋ ಬಲಗಡೆಯದೋ ಎಂದು ಕೇಳಿ. ಎಡಗಡೆಯದಾದರೆ ಕಾಲ ಕೊಡಿ, ಬಲಗಡೆಯದಾದರೆ ಕಿವಿ ಕೊಡಿ. ಮಕ್ಕಳೇ, ನೀವು ಸಂಗೀತ ಬಿಟ್ಟು ಕರಾಟೆಗೆ, ಕರಾಟೆ ಬಿಟ್ಟು ಚೆಸ್ಸಿಗೆ ಹೋಗುವ ಮುಂಚೆ ನೀವೂ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯಿರಿ. ನಾಲ್ಕು ತಿಂಗಳಾದರೂ ತುಂಬಿಸಿ ನೋಡಿ.