ಮೀನಿನ ಮೈಯ ಹೇನು

ಆಂಧ್ರದ ಕೊಲ್ಲೇರು ಸರೋವರದ ಆಸುಪಾಸಿನಲ್ಲಿ ಕಣ್ಣು ಹಾಯುವಷ್ಟು ದೂರವೂ ಮೀನಿನ ಕೊಳಗಳೇ. ಅಲ್ಲಿ ಸಾಕುವ ರೋಹು, ಕಾಟ್ಲಾ ಮುಂತಾದ ಗೆಂಡೆ ಮೀನುಗಳು ಒಮ್ಮೊಮ್ಮೆ ಮೇವನ್ನು ತೊರೆದು, ನೀರಿನಿಂದ ಮೇಲಕ್ಕೆ ನೆಗೆಯುತ್ತ, ಸಿಕ್ಕಿದ ಗಟ್ಟಿ ವಸ್ತುವಿಗೆಲ್ಲ ಮೈಯುಜ್ಜುತ್ತ ಚಡಪಡಿಸುವುದುಂಟು. ಅಂಥದೊಂದನ್ನು ಹಿಡಿದು ನೋಡಿದರೆ ಈಜುರೆಕ್ಕೆಯ ಬುಡದಲ್ಲಿ ಹುರುಪೆಯಂತಹ ಚಪ್ಪಟೆ ಚುಕ್ಕೆಗಳು ಕಾಣುತ್ತವೆ. ಬೆರಳು ತಾಗಿಸಿದೊಡನೆ ಚುಕ್ಕೆಯು ಸರಿದು ಓಡುತ್ತದೆ! ಇದೇ ಆರ್ಗುಲಸ್, ಅರ್ಥಾತ್ ಮೀನಿನ ಹೇನು.

ಹೇನೆಂದು ಕರೆದರೂ ಇದು ಕೀಟವಲ್ಲ. ಸಿಗಡಿ, ಏಡಿಗಳ ದೂರದ ನಂಟ. ಈ ನಂಟಸ್ತಿಕೆಯನ್ನು ನಾವು ನೆನಪಿನಲ್ಲಿಡುವುದು ಒಳ್ಳೆಯದು. ಕೆಲವೇ ಮಿಲಿಮೀಟರ್ ಉದ್ದದ ಈ ಜೀವಿಯು ಬಟ್ಟಲಿನಾಕಾರದ ಎರಡು ಹೀರಂಗಗಳಿಂದ ಮೀನಿಗೆ ಅಂಟಿಕೊಂಡು, ಸೂಜಿಯಂತಹ ಮುಳ್ಳಿನಿಂದ ಚರ್ಮವನ್ನು ಚುಚ್ಚಿ ರಕ್ತವನ್ನೂ ದೇಹದ್ರವವನ್ನೂ ಹೀರುತ್ತದೆ. ಹೀರಿದ ರಕ್ತಕ್ಕಿಂತ ಬಿಟ್ಟುಹೋದ ಗಾಯವೇ ಹೆಚ್ಚು ಅಪಾಯಕರ. ಬ್ಯಾಕ್ಟೀರಿಯಗಳಿಗೆ ಅದು ತೆರೆದ ಬಾಗಿಲು. ಹೊಳೆಯಲ್ಲಿ ಮೀನುಗಳು ಚದುರಿರುತ್ತವೆ. ಕೊಳದಲ್ಲಾದರೋ ಒಂದರ ಪಕ್ಕದಲ್ಲೇ ಇನ್ನೊಂದು. ಹೇನು ಒಂದನ್ನು ಬಿಟ್ಟು ಮತ್ತೊಂದನ್ನು ಹಿಡಿಯಲು ಎಷ್ಟು ಹೊತ್ತು ಬೇಕು?

ಬೆಳೆಗಾರನು ಮೊದಲು ನೆನೆಯುವುದು ಕೀಟನಾಶಕವನ್ನು. ಆದರೆ ಕಾಟ್ಲಾ ಮೀನಿಗೆ ಆಹಾರವಾದ ನೀರುಚಿಗಟಗಳೂ ಹೇನಿನ ಬಳಗದವೇ ಅಲ್ಲವೇ? ಒಂದನ್ನು ಕೊಲ್ಲುವ ವಿಷವು ಇನ್ನೊಂದನ್ನು ಉಳಿಸೀತೆಂದು ನಂಬುವಂತಿಲ್ಲ. ಮೇಲಾಗಿ, ಬೆಳೆದ ಹೇನನ್ನು ಕೊಲ್ಲುವ ಮದ್ದಿಗೆ ಮೊಟ್ಟೆಗಳು ಸುಲಭವಾಗಿ ಜಗ್ಗುವುದಿಲ್ಲ. ಕೊಳವು ಶುದ್ಧವಾಯಿತೆಂದು ನೆಮ್ಮದಿಯಿಂದಿರುವಾಗಲೇ ಹೊಸ ಪೀಳಿಗೆ ಹೊರಬರುತ್ತದೆ.

ಈ ಮೊಟ್ಟೆಯಲ್ಲಿಯೇ ಹೇನಿನ ದೌರ್ಬಲ್ಯವೂ ಅಡಗಿದೆ. ಹೆಣ್ಣು ಹೇನು ಮೀನಿನ ಮೇಲೆ ಮೊಟ್ಟೆಯಿಡುವುದಿಲ್ಲ. ಮೀನನ್ನು ತೊರೆದು ಈಜಿಹೋಗಿ, ನೀರಿನೊಳಗಿನ ಕಲ್ಲು, ಕಂಬಗಳನ್ನು ಹುಡುಕಿ, ಅವುಗಳ ಮೇಲೆ ಸಾಲುಸಾಲಾಗಿ ಮೊಟ್ಟೆಗಳನ್ನು ಅಂಟಿಸುತ್ತದೆ. ನೀರು ಬೆಚ್ಚಗಿದ್ದರೆ ಮರಿಗಳು ಹೊರಡಲು ಸುಮಾರು ಎರಡು ಮೂರು ವಾರಗಳು ಹಿಡಿಯುತ್ತವೆ. ತಣ್ಣಗಿದ್ದರೆ ಇನ್ನೂ ತಡ. ಆದುದರಿಂದ ಕೊಳದಲ್ಲಿ ಬಿದಿರಿನ ತಟ್ಟಿಗಳನ್ನು ನಾವೇ ಇಳಿಬಿಟ್ಟರೆ ಹೇನು ಅವನ್ನೇ ತೊಟ್ಟಿಲೆಂದು ಬಗೆಯುತ್ತದೆ. ಮರಿ ಹೊರಡುವ ಮೊದಲೇ, ವಾರಕ್ಕೊಮ್ಮೆ, ತಟ್ಟಿಯನ್ನು ಮೇಲೆತ್ತಿ ಬಿರುಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಮೊಟ್ಟೆಗಳು ಸಾಯುತ್ತವೆ.

ಇದು ಒಂದೇ ದಿನದ ಕೆಲಸವಲ್ಲ. ಮೀನಿನ ಮೇಲೆ ಉಳಿದ ಹೇನುಗಳು ಮತ್ತೆ ಮೊಟ್ಟೆಯಿಡುತ್ತಲೇ ಇರುತ್ತವೆ. ಕೊಳದ ಬೇರೆ ಕಲ್ಲುಕಡ್ಡಿಗಳ ಮೇಲೂ ಇಡಬಹುದು. ಅದಕ್ಕಾಗಿ ಅಂಥವನ್ನು ಮೊದಲೇ ತೆಗೆದುಹಾಕಿ, ಒಣಗಿಸಿದ ತಟ್ಟಿಯನ್ನು ಪುನಃ ನೀರಿಗಿಳಿಸಬೇಕು.