ಕೆಜಿಎಫ್ ಪ್ರಯೋಗದಲ್ಲಿದ್ದ ವಿಜ್ಞಾನಿಯ ಹೆಸರಲ್ಲಿದೆ ಒಂದು ನಕ್ಷತ್ರ: ನೋಡೋದು ಹೇಗೆ?

ಕೋಲಾರ: ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದೇ ಗಣಿಯ ಆಳದಲ್ಲಿ ನಡೆದ ಕಾಸ್ಮಿಕ್ ಕಿರಣಗಳ ಪ್ರಯೋಗದಲ್ಲಿ ಪಾಲ್ಗೊಂಡಿದ್ದ ಮಹಿಳಾ ವಿಜ್ಞಾನಿಯೊಬ್ಬರ ಹೆಸರು ಇವತ್ತು ಆಕಾಶದಲ್ಲಿದೆ. ಆ ನಕ್ಷತ್ರವೇ 'ಬಿಭಾ'.

ಯಾರು ಈ ಬಿಭಾ?
ಕೋಲ್ಕತ್ತದ ಬಿಭಾ ಚೌಧುರಿ (1913–1991), ದೇವೇಂದ್ರ ಮೋಹನ್ ಬೋಸ್ ಜೊತೆ ಸೇರಿ ಬೆಟ್ಟದ ಮೇಲೆ ಫೋಟೋ ಪ್ಲೇಟ್ ಇಟ್ಟು 'ಮೆಸಾನ್' ಕಣಗಳ ಜಾಡು ಹಿಡಿದಿದ್ದರು. ಅದು ಯುದ್ಧದ ಕಾಲ. ಒಳ್ಳೆ ಪ್ಲೇಟ್ ಸಿಗದೆ ಕೆಲಸ ಅಲ್ಲಿಗೇ ನಿಂತಿತು. ಮುಂದೆ ಉತ್ತಮ ಪ್ಲೇಟ್ ಬಳಸಿ ಇದೇ ದಾರಿಯಲ್ಲಿ ಗೆದ್ದ ಬ್ರಿಟನ್ನಿನ ಸೆಸಿಲ್ ಪೊವೆಲ್ ಅವರಿಗೆ 1950ರ ನೊಬೆಲ್ ಬಂತು. ಬಿಭಾ ಹೆಸರು ಮರೆತೇಹೋಯಿತು. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಂದೊಂದು ದೇಶಕ್ಕೂ ಒಂದು ನಕ್ಷತ್ರಕ್ಕೆ ಹೆಸರಿಡುವ ಅವಕಾಶ ಕೊಟ್ಟಾಗ ಭಾರತದ ಪಾಲಿಗೆ ಬಂದ ನಕ್ಷತ್ರಕ್ಕೆ ಈ ಹೆಸರು ಸಿಕ್ಕಿತು.

ಎಂಥ ನಕ್ಷತ್ರ?
ಹಳದಿ ಮಿಶ್ರಿತ ಬಿಳಿ ಬಣ್ಣ. ದೂರ ಸುಮಾರು 340 ಬೆಳಕಿನ ವರ್ಷ. ಅಂದರೆ ಇವತ್ತು ಕಾಣುವ ಬೆಳಕು ಅಲ್ಲಿಂದ ಹೊರಟಾಗ ಮೈಸೂರಲ್ಲಿ ಚಿಕ್ಕದೇವರಾಜ ಒಡೆಯರ್ ಆಳುತ್ತಿದ್ದರು. ಇದನ್ನು ಸುತ್ತುವ 'ಸಂತಮಸ' ಎಂಬ ದೈತ್ಯ ಗ್ರಹಕ್ಕೆ ವರ್ಷ ಅಂದರೆ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಗ್ರಹ ಮಾತ್ರ ನಮ್ಮ ದೂರದರ್ಶಕಕ್ಕೆ ಕಾಣಲ್ಲ.

ನೋಡೋದು ಹೇಗೆ?
ನಕ್ಷತ್ರದ ಕಾಂತಿಮಾನ 8.7. ಬರಿಗಣ್ಣಿಗೆ ಕಾಣುವ ಅತಿ ಮಸುಕಾದ ನಕ್ಷತ್ರಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಮಸುಕು. 3 ಇಂಚಿನ ದೂರದರ್ಶಕ ಸಾಕು. ಊರಾಚೆ ಕಗ್ಗತ್ತಲಿದ್ದರೆ 10×50 ಬೈನಾಕ್ಯುಲರ್‌ನಲ್ಲೂ ಪ್ರಯತ್ನಿಸಬಹುದು.

* ಸಮಯ: ಏಪ್ರಿಲ್ ಮೊದಲ ವಾರ ರಾತ್ರಿ 9ರ ಸುಮಾರಿಗೆ ಹೆಚ್ಚುಕಮ್ಮಿ ನೆತ್ತಿಯ ಹತ್ತಿರ, ತುಸು ದಕ್ಷಿಣಕ್ಕೆ ಇರುತ್ತದೆ. ಚಂದ್ರನಿಲ್ಲದ ರಾತ್ರಿ ಆಗಬೇಕು.
* ಮೊದಲು ಸಿಂಹ ರಾಶಿಯ ಮಘಾ ನಕ್ಷತ್ರ ಗುರುತಿಸಿ.
* ಅಲ್ಲಿಂದ ನೇರ ದಕ್ಷಿಣಕ್ಕೆ, ಚಾಚಿದ ಕೈಯ ಒಂದು ಮುಷ್ಟಿಗಿಂತ ಸ್ವಲ್ಪ ಮುಂದೆ ಒಂದು ಮಂಕು ನಕ್ಷತ್ರ ಸಿಗುತ್ತದೆ. ಅದು ಆಲ್ಫಾ ಸೆಕ್ಸ್‌ಟಾಂಟಿಸ್.
* ಅಲ್ಲಿಂದ ನೈಋತ್ಯಕ್ಕೆ ಅರ್ಧ ಮುಷ್ಟಿ ಜರುಗಿದರೆ ಬಿಭಾ ಇರುವ ಜಾಗ.
* ಅಕ್ಕಪಕ್ಕ ಅಂಥದ್ದೇ ಚುಕ್ಕಿಗಳಿರುತ್ತವೆ. ಮೊಬೈಲಿನ ನಕ್ಷತ್ರ ಆ್ಯಪ್‌ನಲ್ಲಿ 'ಎಚ್‌ಡಿ 86081' ಎಂದು ಹುಡುಕಿ ತಾಳೆ ನೋಡಿ.

ಕತ್ತಲಲ್ಲಿ 20 ನಿಮಿಷ ಕಳೆದರೇ ಕಣ್ಣು ಹೊಂದಿಕೊಳ್ಳೋದು. ಟಾರ್ಚ್‌ಗೆ ಕೆಂಪು ಕಾಗದ ಸುತ್ತಿಕೊಳ್ಳಿ. ಅಂಗಡಿಯವರು ಬಾಗಿಲು ಹಾಕುವಾಗ ಬೋರ್ಡ್ ಲೈಟನ್ನೂ ಆರಿಸಿದರೆ ಕರೆಂಟ್ ಬಿಲ್ಲೂ ಉಳಿಯುತ್ತೆ, ಓಣಿಯ ಮಕ್ಕಳಿಗೆ ಮಹಡಿ ಮೇಲಿಂದ ಆಕಾಶವೂ ಕಾಣುತ್ತೆ.