ಕೋರೈಸುವ ಲೇಸರ್: ತಡೆಯಬೇಕು, ಕುರುಡಾಗಿಸಬಾರದು



ರಾತ್ರಿ ಎದುರಿನಿಂದ ಬರುವ ಲಾರಿಯ ಹೆಡ್‌ಲೈಟು ಕಣ್ಣಿಗೆ ಹೊಡೆದಾಗ ರಸ್ತೆಯೇ ಕಾಣದಂತಾಗುವುದು ನಿಮಗೆ ಗೊತ್ತು. ಇದೇ ತತ್ತ್ವದ ಮೇಲೆ, ಗುಂಡು ಹಾರಿಸದೆ ಎದುರಾಳಿಯನ್ನು ತಡೆಯಲು ರೂಪಿಸಿದ ಸಾಧನವೇ ಲೇಸರ್ ಡ್ಯಾಜ್ಲರ್. 1995ರಲ್ಲಿ ಸೊಮಾಲಿಯಾದಿಂದ ವಿಶ್ವಸಂಸ್ಥೆಯ ಪಡೆಗಳನ್ನು ತೆರವುಗೊಳಿಸುವಾಗ ಅಮೆರಿಕದ ಸೈನಿಕರು ಇಂತಹ ಸಾಧನಗಳನ್ನು ಒಯ್ದಿದ್ದರು. 2006ರಲ್ಲಿ ಇರಾಕಿನ ತಪಾಸಣಾ ಠಾಣೆಗಳಲ್ಲಿ ವಾಹನ ಚಾಲಕರನ್ನು ಎಚ್ಚರಿಸಲೂ ಇವು ಬಳಕೆಗೆ ಬಂದವು.

ಇವುಗಳಲ್ಲಿ ಹಲವು ಹಸಿರು ಬೆಳಕನ್ನೇ ಸೂಸುತ್ತವೆ. ಏಕೆ? ಹಗಲಿನಲ್ಲಿ ನಮ್ಮ ಕಣ್ಣು ಸುಮಾರು 555 ನ್ಯಾನೊಮೀಟರ್ ತರಂಗಾಂತರದ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. ನಿಯೋಡಿಮಿಯಮ್ ಬೆರೆಸಿದ ಹರಳಿನ ಲೇಸರ್ 1064 ನ್ಯಾನೊಮೀಟರಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಕೊಡುತ್ತದೆ. ಅದನ್ನು ಮತ್ತೊಂದು ಹರಳಿನ ಮೂಲಕ ಹಾಯಿಸಿದರೆ ತರಂಗಾಂತರ ಅರ್ಧವಾಗಿ, 532 ನ್ಯಾನೊಮೀಟರಿನ ಹಸಿರು ಬೆಳಕು ದೊರೆಯುತ್ತದೆ.

ಆದರೆ ಅಪಾಯವೂ ಇಲ್ಲಿಯೇ ಇದೆ. ಕಣ್ಣಿನ ಮಸೂರವು ಲೇಸರ್ ಕಿರಣವನ್ನು ಅಕ್ಷಿಪಟಲದ ಒಂದು ಸಣ್ಣ ಚುಕ್ಕೆಗೆ ಕೇಂದ್ರೀಕರಿಸುವುದರಿಂದ, ಅಲ್ಲಿ ಬೆಳಕಿನ ತೀವ್ರತೆ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚಬಲ್ಲದು. ರೆಪ್ಪೆ ಮುಚ್ಚಲು ಸುಮಾರು ಕಾಲು ಸೆಕೆಂಡು ಬೇಕು. ಅಷ್ಟು ಹೊತ್ತಿಗೆ ಕಣ್ಣಿನೊಳಗೆ ಸುಮಾರು 1 ಮಿಲಿವ್ಯಾಟ್ ಗೋಚರ ಬೆಳಕು ಹೋಗುವುದನ್ನು ಸುರಕ್ಷತೆಯ ಮಿತಿಯೆಂದು ಪರಿಗಣಿಸಲಾಗಿದೆ.

ಈಗ ಒಂದು ಲೆಕ್ಕ ಮಾಡಿ ನೋಡಿ. ಕಿರಣವು ಮುಂದೆ ಸಾಗಿದಂತೆ ಅಗಲವಾಗುತ್ತದೆ. ದೂರ ಇಮ್ಮಡಿಯಾದರೆ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾದರೆ 400 ಮೀಟರ್ ದೂರದ ವ್ಯಕ್ತಿಗೆ ಕೇವಲ ಕೋರೈಸುವ ಕಿರಣ, 40 ಮೀಟರಿನಲ್ಲಿರುವವನ ಕಣ್ಣಿಗೆ ಹೆಚ್ಚುಕಡಿಮೆ 100 ಪಟ್ಟು ತೀವ್ರವಾಗಿರುತ್ತದೆ! ಆದ್ದರಿಂದ ದೂರವನ್ನು ತಾನೇ ಅಳೆದು ಶಕ್ತಿಯನ್ನು ತಗ್ಗಿಸುವ, ತೀರ ಸಮೀಪದಲ್ಲಿ ಯಾರಾದರೂ ಇದ್ದರೆ ಕಿರಣವನ್ನೇ ನಿಲ್ಲಿಸುವ ವ್ಯವಸ್ಥೆ ಅತ್ಯಗತ್ಯ. ಪ್ರಬಲ ಲೇಸರ್ ತಯಾರಿಸುವುದಕ್ಕಿಂತ ಅದಕ್ಕೆ ಕಡಿವಾಣ ಹಾಕುವುದೇ ತಂತ್ರಜ್ಞರಿಗೆ ದೊಡ್ಡ ಸವಾಲು.

ಕಾನೂನು ಕೂಡ ಇದನ್ನೇ ಹೇಳುತ್ತದೆ. ಬರಿಗಣ್ಣನ್ನು ಶಾಶ್ವತವಾಗಿ ಕುರುಡಾಗಿಸಲೆಂದೇ ರೂಪಿಸಿದ ಲೇಸರ್ ಅಸ್ತ್ರಗಳನ್ನು 1995ರಲ್ಲಿ ಅಂಗೀಕರಿಸಿದ ಅಂತರರಾಷ್ಟ್ರೀಯ ಒಪ್ಪಂದವೊಂದು ನಿಷೇಧಿಸಿದೆ. 1998ರಲ್ಲಿ ಜಾರಿಗೆ ಬಂದ ಈ ಒಪ್ಪಂದದಲ್ಲಿ ಭಾರತವೂ ಪಾಲುದಾರ. ಇತರ ಲೇಸರ್‌ಗಳನ್ನು ಬಳಸುವಾಗಲೂ ಯಾರೂ ಶಾಶ್ವತವಾಗಿ ಕುರುಡಾಗದಂತೆ ಸಾಧ್ಯವಿರುವ ಎಲ್ಲ ಎಚ್ಚರಿಕೆ ವಹಿಸಬೇಕೆಂದು ಅದು ವಿಧಿಸುತ್ತದೆ.

ಗುಂಡಿಗೆ ಬದಲು ಬೆಳಕನ್ನು ಬಳಸಿದರೆ ಒಂದು ಜೀವ ಉಳಿಯಬಹುದು. ಆದರೆ ಉಳಿದ ಜೀವಕ್ಕೆ ದೃಷ್ಟಿಯೂ ಉಳಿಯಬೇಕಲ್ಲವೇ? ನಿಮ್ಮ ಕೈಯಲ್ಲಿರುವ ಪುಟ್ಟ ಲೇಸರ್ ಪಾಯಿಂಟರಿಗೂ ಈ ಮಾತು ಅನ್ವಯಿಸುತ್ತದೆ. ಅದನ್ನು ಯಾರ ಕಣ್ಣಿನತ್ತಲೂ ಹಿಡಿಯಬೇಡಿ.